ಬುಡ ಬಿಟ್ಟು ಕೊಂಬೆ ಕಡಿದರೆ: ಪುಣೆಯ ಟೇಕಡಿಗಳ ಮೇಲಿನ ಲಂಟಾನ

ಪುಣೆಯ ಕನ್ನಡಿಗರ ಕೂಟವೊಂದರಲ್ಲಿ, ಭಾನುವಾರದ ಶ್ರಮದಾನದಲ್ಲಿ ಲಂಟಾನ ಎಂಬ ಕಳೆಪೊದೆ ತೆಗೆಯಲು ಟೇಕಡಿಗಳಿಗೆ, ಅಂದರೆ ಊರಿನ ಗುಡ್ಡಗಳಿಗೆ, ಹೋಗುವವರಿಗಾಗಿ ಆಡಿದ ಮಾತಿನ ಬರಹ ರೂಪ ಇದು. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.

ನಮಸ್ಕಾರ. ಮೊದಲು ಹೆಸರಿನ ಮಾತು. ಮರಾಠಿಯಲ್ಲಿ ಈ ಗಿಡಕ್ಕೆ ಘಾಣೇರಿ ಅನ್ನುತ್ತಾರೆ. ಘಾಣ ಅಂದರೆ ನಾತ. ಕನ್ನಡದಲ್ಲೂ ಇದಕ್ಕೆ ನಾತಹೂವಿನ ಗಿಡ ಎಂಬ ಹೆಸರಿದೆ. ಗಡಿಯ ಎರಡೂ ಕಡೆಯ ಜನ ಎಲೆ ಹಿಸುಕಿ ಮೂಸಿ, ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ತೀರ್ಪು ಕೊಟ್ಟಿದ್ದಾರೆ. ಹೂಗೊಂಚಲಿನ ಬಣ್ಣಕ್ಕೆ ಮರುಳಾದವರು ಚದುರಂಗ, ಕಾಡುಗುಲಾಬಿ ಎಂದೂ ಕರೆದರು. ಸಸ್ಯಶಾಸ್ತ್ರದ ಹೆಸರು ಲಂಟಾನ ಕಮಾರ. ಲಂಟಾನ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಅದನ್ನೇ ಬಳಸೋಣ.

ಇಲ್ಲಿರುವವರಲ್ಲಿ ಅನೇಕರು ವೇತಾಳ ಟೇಕಡಿ, ತಳಜಾಯಿ, ಬಾಣೇರ್–ಪಾಷಾಣದ ಗುಡ್ಡಗಳಿಗೆ ಬೆಳಗಿನ ನಡಿಗೆಗೆ ಹೋಗುವವರು. ಕೆಲವರು ರಜೆಯ ದಿನ ಕೋಯ್ತಾ (ಮಚ್ಚು) ಹಿಡಿದು ಘಾಣೇರಿ ಸವರಿ ಬರುವವರು. ಈ ಮಾತುಗಳೆಲ್ಲ ಮುಖ್ಯವಾಗಿ ಆ ಕೋಯ್ತಾದ ಬಗ್ಗೆ. ಮೊಣಕಾಲೆತ್ತರಕ್ಕೆ ಸವರಿದ ಲಂಟಾನ ಸಾಯುವುದಿಲ್ಲ. ಒಂದು ಕಾಂಡ ಕಡಿದ ಕಡೆ ಸುತ್ತಲೂ ಹಲವು ಚಿಗುರು ಹೊಡೆದು, ಮುಂದಿನ ಮಳೆಗಾಲಕ್ಕೆ ಮೊದಲಿಗಿಂತ ದಟ್ಟವಾಗಿ ನಿಲ್ಲುತ್ತದೆ. ಬೇಲಿಗೆ ಗಿಡ ದಟ್ಟವಾಗಲೆಂದು ಮಾಲಿಗಳು ತುದಿ ಕತ್ತರಿಸುತ್ತಾರಲ್ಲ, ಶ್ರಮದಾನದಲ್ಲಿ ನಾವು ಮಾಡುತ್ತಿರುವುದೂ ಅದೇ ಕೆಲಸ.

ಗುರುತು ಹಿಡಿಯುವುದು ಸುಲಭ. ಎಳೆಯ ಕಾಂಡವನ್ನು ಎರಡು ಬೆರಳ ನಡುವೆ ಉರುಳಿಸಿದರೆ ದುಂಡಗೆ ಉರುಳುವುದಿಲ್ಲ, ನಾಲ್ಕು ಮೂಲೆ ತಾಗುತ್ತವೆ. ಮೂಲೆಗಳ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು. ಎಲೆಗಳು ಎದುರುಬದುರು ಜೋಡಿ, ಅಂಚು ಗರಗಸ, ಮೈ ಉಪ್ಪುಕಾಗದದ ಹಾಗೆ ಒರಟು. ಹಿಸುಕಿದರೆ ಆ ಘಾಟು ವಾಸನೆ. ಗೋವಾ, ಕೊಂಕಣದ ಕಡೆ ಹೋದರೆ ರಸ್ತೆ ಬದಿಯಲ್ಲಿ ಇನ್ನೊಂದು ಪೊದೆ ಕಾಣುತ್ತದೆ: ಮೂರು ನರ ಎದ್ದು ಕಾಣುವ ಎಲೆ, ಮುಳ್ಳಿಲ್ಲದ ಮೆದು ಕಾಂಡ, ಚಳಿಗಾಲದಲ್ಲಿ ಬೂದುಬಿಳಿ ಹೂ. ಅದು ಮರಾಠಿಯ ರಾನಮೋಡಿ, ನಮ್ಮ ಕರಾವಳಿ–ಮಲೆನಾಡಿನವರು ಕಮ್ಯುನಿಸ್ಟ್ ಗಿಡ ಎನ್ನುವ ಕ್ರೊಮೊಲೀನಾ. ಅದರ ಬೀಜ ಗಾಳಿಗೆ ಹಾರುತ್ತದೆ, ಲಂಟಾನದ್ದು ಹಕ್ಕಿಯ ಹೊಟ್ಟೆಯಲ್ಲಿ ಪಯಣಿಸುತ್ತದೆ. ಹಾಗಾಗಿ ಎರಡನ್ನೂ ತೆಗೆಯುವ ಲೆಕ್ಕಾಚಾರ ಬೇರೆ ಬೇರೆ. ಕಾಂಗ್ರೆಸ್ ಹುಲ್ಲು ಮೂರನೆಯದು. ಭಾರತದಲ್ಲಿ ಅದು ಮೊದಲು ಕಣ್ಣಿಗೆ ಬಿದ್ದದ್ದು 1955ರಲ್ಲಿ ಇದೇ ಪುಣೆಯಲ್ಲಿ. ಪಕ್ಷಭೇದವಿಲ್ಲದೆ ಎಲ್ಲವೂ ನಮ್ಮ ಗುಡ್ಡದ ಮೇಲಿವೆ. ಇವತ್ತಿಗೆ ಲಂಟಾನ ಮಾತ್ರ ಸಾಕು.

ಹುಟ್ಟೂರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣ ಪ್ರದೇಶ. ಹದಿನೇಳನೆಯ ಶತಮಾನದಲ್ಲಿ ಯುರೋಪಿಗೆ ಹೋಗಿ ಗಾಜಿನ ಮನೆಗಳ ಅಲಂಕಾರದ ಗಿಡವಾಯಿತು. ಅಲ್ಲಿನ ತೋಟಗಾರರು ಬಣ್ಣ ಬಣ್ಣದ ಹೂವಿಗಾಗಿ ಬೇರೆ ಬೇರೆ ಜಾತಿಗಳನ್ನು ಕೂಡಿಸಿ ನೂರಾರು ತಳಿ ಮಾಡಿದರು. 19ನೇ ಶತಮಾನದ ಮೊದಲ ದಶಕದಲ್ಲಿ ಕೋಲ್ಕತ್ತದ ಸಸ್ಯೋದ್ಯಾನದ ಮೂಲಕ ಭಾರತಕ್ಕೆ ಬಂತು. ಇದರಲ್ಲಿ ಒಂದು ಅಂಶ ಮುಂದಿನ ಮಾತಿಗೆಲ್ಲ ಬೇಕಾಗುತ್ತದೆ: ನಮ್ಮ ಗುಡ್ಡದ ಮೇಲಿರುವ ಗಿಡ ಅಮೆರಿಕದ ಕಾಡಿನ ಗಿಡವೇ ಅಲ್ಲ, ತೋಟಗಳಲ್ಲಿ ಹುಟ್ಟಿದ ಕಲಬೆರಕೆ. ಕೆಲವು ಗಿಡಗಳಲ್ಲಿ ವರ್ಣತಂತುಗಳ (ಕ್ರೋಮೋಸೋಮ್) ಗುಂಪು ಎರಡಿದ್ದರೆ, ಕೆಲವುಗಳಲ್ಲಿ ಮೂರು, ನಾಲ್ಕು, ಐದು, ಆರು. ಅದಕ್ಕೇ ಒಂದು ಕಡೆ ಅದನ್ನು ಕೊಲ್ಲುವ ಕೀಟ ಇನ್ನೊಂದು ಕಡೆ ಅದರ ಎಲೆ ಮುಟ್ಟುವುದಿಲ್ಲ.

ಹೂವಿನ ಜಾಣತನವನ್ನು ನೋಡದೆ ಮುಂದೆ ಹೋಗುವುದು ತಪ್ಪು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ಗೊಂಚಲಿನ ನಡುವಿನ ಹೊಸ ಹೂ ಹಳದಿ, ಅಂಚಿನ ಹಳೆಯ ಹೂ ಕಿತ್ತಳೆ ಅಥವಾ ನಸುಗೆಂಪು. ಮಕರಂದ ಇರುವುದು ಹಳದಿಯಲ್ಲಿ. ಪರಾಗಸ್ಪರ್ಶವಾದ ಹೂ ಬಣ್ಣ ಬದಲಿಸುತ್ತದೆ, ಆದರೆ ಉದುರುವುದಿಲ್ಲ. ದೂರದ ಚಿಟ್ಟೆಗೆ ಇಡೀ ಗೊಂಚಲು ದೊಡ್ಡದಾಗಿ ಕಾಣಬೇಕು, ಹತ್ತಿರ ಬಂದ ಮೇಲೆ ಖಾಲಿ ಹೂವಿನಲ್ಲಿ ಅದರ ಹೊತ್ತು ಹಾಳಾಗಬಾರದು. ಎರಡನ್ನೂ ಒಂದೇ ಗೊಂಚಲಿನಲ್ಲಿ ಸಾಧಿಸಿದೆ. ಚಿಟ್ಟೆಗಳಷ್ಟೇ ಅಲ್ಲ, ಕಣ್ಣಿಗೆ ಕಾಣುವುದೂ ಕಷ್ಟವಾದ ನುಸಿಯಂಥ ಥ್ರಿಪ್ಸ್ ಕೀಟಗಳೂ ಪರಾಗ ಸಾಗಿಸುತ್ತವೆ. ಆಮೇಲೆ ಹಸಿರು ಕಾಯಿ, ನೇರಳೆಗಪ್ಪು ಹಣ್ಣು, ಮೆಣಸಿನ ಕಾಳಿನ ಗಾತ್ರ. ಪಿಕಳಾರ, ಮೈನಾಗಳು ತಿಂದು, ತಿರುಳು ಕರಗಿಸಿ, ಬೀಜವನ್ನು ಕೊಂಬೆಯ ಕೆಳಗೆ ಉದುರಿಸುತ್ತವೆ. ಆದ್ದರಿಂದ ಹೊಸ ಲಂಟಾನ ಸಸಿ ಹುಡುಕಬೇಕಾದರೆ ಬಯಲಲ್ಲಿ ಅಲೆಯಬೇಡಿ. ಒಂಟಿ ಮರದ ಕೆಳಗೆ, ಕರೆಂಟ್ ತಂತಿಯ ಕೆಳಗೆ, ತಂತಿಬೇಲಿಯ ಕಂಬಗಳ ಬುಡದಲ್ಲಿ ನೋಡಿ. ಹಕ್ಕಿ ಕೂರುವ ಜಾಗವೇ ಲಂಟಾನದ ಸಸಿಮಡಿ.

ಹಾನಿ ಎಲ್ಲಿ ಆಗುತ್ತದೆ

ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ದೇಶದ ಹುಲಿ ನೆಲೆಗಳ ಶೇ. 40ಕ್ಕೂ ಹೆಚ್ಚು ಭಾಗದಲ್ಲಿ, ಅಂದರೆ ಸುಮಾರು 1,54,000 ಚದರ ಕಿ.ಮೀ.ನಲ್ಲಿ ಲಂಟಾನ ಇದೆ. ಹುಲಿ ಎಲೆ ತಿನ್ನುವುದಿಲ್ಲ, ಹಾಗಾದರೆ ಅದಕ್ಕೇನು? ಹುಲಿಯ ಊಟ ಜಿಂಕೆ, ಕಡವೆ. ಅವುಗಳ ಊಟ ಹುಲ್ಲು ಮತ್ತು ಎಳೆಯ ಗಿಡ. ಲಂಟಾನ ಆ ಎರಡೂ ಬೆಳೆಯುವ ಜಾಗವನ್ನು, ನೆಲದಿಂದ ಎರಡು ಮೂರು ಮೀಟರ್ ಎತ್ತರದವರೆಗಿನ ಪದರವನ್ನು, ಪೂರ್ತಿ ಮುಚ್ಚುತ್ತದೆ. ದೊಡ್ಡ ಮರಗಳು ಹಾಗೆಯೇ ನಿಂತಿರುತ್ತವೆ, ಉಪಗ್ರಹದ ಚಿತ್ರದಲ್ಲಿ ಕಾಡು ಹಸಿರಾಗಿಯೇ ಕಾಣುತ್ತದೆ. ಆದರೆ ಬಿದ್ದ ಬೀಜಕ್ಕೆ ಬೆಳಕಿಲ್ಲ; ಮೊಳೆತದ್ದಕ್ಕೆ, ಲಂಟಾನದ ಎಲೆ–ಬೇರುಗಳಿಂದ ಇಳಿಯುವ ಫೀನಾಲಿಕ್ ರಾಸಾಯನಿಕಗಳ ಕಾಟ. ಅಜ್ಜಂದಿರು ಮಾತ್ರ ಇದ್ದು ಮಕ್ಕಳೇ ಇಲ್ಲದ ಊರಿನ ಹಾಗೆ ಆ ಕಾಡು.

ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಅಳೆದಿದ್ದ ತುಣುಕುಗಳನ್ನು 2008ರಲ್ಲಿ ಮತ್ತೆ ಅಳೆದಾಗ, ಲಂಟಾನ ಇರುವ ತುಣುಕುಗಳ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅಲ್ಲಿನ ಸೋಲಿಗರು ಇದಕ್ಕೆ ಕೊಡುವ ಕಾರಣ ಕೇಳತಕ್ಕದ್ದು. ಬೇಸಿಗೆಯ ಮೊದಲಲ್ಲೇ ಉದುರಿದೆಲೆಗೆ ಹಚ್ಚುತ್ತಿದ್ದ ತರಗು ಬೆಂಕಿ, ಸಣ್ಣದಾಗಿ ಸರಿದು ಲಂಟಾನದ ಸಸಿಗಳನ್ನು ಸುಡುತ್ತಿತ್ತು. ಬೆಂಕಿ ನಿಷೇಧವಾದ ಮೇಲೆ ಅದು ಹಬ್ಬಿತು, ಎನ್ನುತ್ತಾರೆ. ಹಾಗಂತ ಇವತ್ತು ಯಾರೂ ಕಡ್ಡಿ ಗೀರಬೇಡಿ. ಸಸಿ ಇದ್ದಾಗ ತರಗು ಮಾತ್ರ ಉರಿಯುತ್ತಿತ್ತು. ಈಗ ಒಣಗಿದ ಲಂಟಾನದ ಜಾಲ ನೆಲದಿಂದ ಮರದ ನೆತ್ತಿಯವರೆಗೆ ಏಣಿಯಂತೆ ನಿಂತಿದೆ. ಬೆಂಕಿ ಅದನ್ನೇರಿ ಮರ ಸುಡುತ್ತದೆ. ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ, ಸುಟ್ಟ ಸಾಗುವಾನಿಯ ಸಸಿ ಚಿಗುರಿದರೂ ಅದರ ನೆರಳಿಗೆ ಸಿಕ್ಕಿಕೊಳ್ಳುತ್ತದೆ. ಅದೇ ಬೆಂಕಿ, ಅದೇ ಗಿಡ, ಸಮಯ ಮಾತ್ರ ತಪ್ಪಿದೆ. ಹಕ್ಕಿಗಳ ವಿಷಯವೂ ಹೀಗೆಯೇ: ಮಲೆ ಮಹದೇಶ್ವರ ಬೆಟ್ಟದ ಅಧ್ಯಯನದಲ್ಲಿ ಲಂಟಾನ ದಟ್ಟವಾದಷ್ಟೂ ಹಕ್ಕಿಗಳ ವೈವಿಧ್ಯ ಕುಗ್ಗಿದ್ದು ಕಂಡಿತು. ಹಣ್ಣು ತಿನ್ನುವ ಪಿಕಳಾರಕ್ಕೆ ಹಬ್ಬ, ಹುಳು ಹೆಕ್ಕುವವಕ್ಕೆ ಉಪವಾಸ.

ಮುಂಬೈಯಿಂದ ಬಂದವರೂ ಇದ್ದೀರಿ, ಅವರಿಗೊಂದು ಮಾತು. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕಾರ್ವಿ ಎಂಬ ಪೊದೆ 2016ರಲ್ಲಿ ಅರಳಿತ್ತು, 2024ರಲ್ಲಿ ಮತ್ತೆ ಅರಳಿತು. ಎಂಟು ವರ್ಷಕ್ಕೊಮ್ಮೆ ಇಡೀ ಇಳಿಜಾರು ಒಟ್ಟಿಗೆ ಹೂ ಬಿಟ್ಟು, ಬೀಜ ಕೊಟ್ಟು, ಒಟ್ಟಿಗೆ ಸಾಯುತ್ತದೆ. ಸತ್ತ ಕಾರ್ವಿಯ ಜಾಗ ಬಯಲಾದಾಗ ಬೀಜ ಮೊಳೆಯಬೇಕು. ಆ ಕಿಟಕಿ ತೆರೆದಾಗ ಪಕ್ಕದಲ್ಲಿ ಲಂಟಾನ ಕಾದು ನಿಂತಿದ್ದರೆ, ಬೆಳಕು ಮೊದಲು ಸಿಗುವುದು ಅದಕ್ಕೆ. ವರ್ಷವಿಡೀ ಹೂಬಿಡಬಲ್ಲ ಗಿಡಕ್ಕೂ ಎಂಟು ವರ್ಷಕ್ಕೊಮ್ಮೆ ಸರದಿ ಬರುವ ಗಿಡಕ್ಕೂ ಓಟದ ಪಂದ್ಯ ಇಟ್ಟಂತೆ. ಆದರೆ ಉದ್ಯಾನದೊಳಗೆ ನೀವಾಗಿ ಒಂದು ಗಿಡವನ್ನೂ ಮುಟ್ಟುವಂತಿಲ್ಲ. ಅದು ಅರಣ್ಯ ಇಲಾಖೆಯ ಕೆಲಸ, ಅವರು ಕರೆದಾಗ ಹೋಗಿ.

ಪುಣೆಯ ಕತೆ ಬೇರೆ. ನಮ್ಮ ಟೇಕಡಿಗಳು ಮೂಲದಲ್ಲಿ ಕಾಡಲ್ಲ, ಹುಲ್ಲುಗಾವಲು. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಕಪ್ಪು ಬಂಡೆಯ ಮೇಲೆ ಗೇಣುದ್ದದ ಮಣ್ಣು. ಅಲ್ಲಿ ಬೆಳೆಯಬೇಕಾದ್ದು ಕುಸಳಿ, ಪವನ್ಯಾ, ಡೊಂಗರಿಯಂಥ ಹುಲ್ಲು, ನಡುನಡುವೆ ಕವಳಿ, ಧಾಯಟಿ ಪೊದೆಗಳು. ಅದನ್ನು ಬೋಳುಗುಡ್ಡ ಎಂದು ತಿಳಿದು ಗ್ಲಿರಿಸಿಡಿಯಾ ಮರ ನೆಟ್ಟೆವು, ಗುಂಡಿ ತೋಡಿದೆವು, ಕಂದಕ ತೆಗೆದೆವು. ಲಂಟಾನಕ್ಕೆ ಬೇಕಾದ್ದು ಇದೇ: ಕೆದಕಿದ ಮಣ್ಣು, ತೆರವಾದ ಹುಲ್ಲು, ಹಕ್ಕಿ ಕೂರಲು ಒಂದು ಕೊಂಬೆ. ದಟ್ಟ ಹುಲ್ಲಿನ ಬೇರಿನ ನಡುವೆ ಲಂಟಾನದ ಬೀಜ ತಲೆ ಎತ್ತುವುದು ಕಷ್ಟ. ಗುಂಡಿಯ ಮಣ್ಣಲ್ಲಿ ಅದಕ್ಕೆ ತಡೆಯೇ ಇಲ್ಲ. ವನಮಹೋತ್ಸವದ ಗುಂಡಿಗಳ ಸಾಲಿನಲ್ಲೇ ಲಂಟಾನದ ಸಾಲು ಎದ್ದಿರುವುದು ಕಾಣುತ್ತದೆ, ಕಣ್ಣು ತೆರೆದು ನಡೆಯಿರಿ. ಹುಲ್ಲು ಹೋದರೆ ನೆಲದಲ್ಲಿ ಗೂಡು ಕಟ್ಟುವ ನೆಲಗುಬ್ಬಿಯೂ ಬುರ್ಲಿಯೂ ಹೋಗುತ್ತವೆ. ಹಸಿರು ಹೆಚ್ಚಾಯಿತೆಂದು ನಾವು ಸಂತೋಷಪಡುತ್ತೇವೆ.

ತೆಗೆಯುವ ಬಗೆ

ಈಗ ಕೆಲಸಕ್ಕೆ ಬರೋಣ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಮೀಸಲಿನಲ್ಲಿ ಪ್ರಯೋಗಿಸಿ, 2009ರಲ್ಲಿ ಪ್ರಕಟಿಸಿದ ವಿಧಾನವೊಂದಿದೆ. ಅದರ ತಿರುಳು ಇಷ್ಟು: ಲಂಟಾನ ಮತ್ತೆ ಚಿಗುರುವ ಮೊಗ್ಗುಗಳು ಇರುವುದು ಕಾಂಡ ಮತ್ತು ತಾಯಿಬೇರು ಸೇರುವ ಗಂಟಿನಲ್ಲಿ. ಆ ಗಂಟಿನ ಕೆಳಗೆ, ಅಂದರೆ ಮಣ್ಣಿನ ಮೇಲ್ಮೈಯಿಂದ 3ರಿಂದ 5 ಸೆಂ.ಮೀ. ಕೆಳಗೆ, ತಾಯಿಬೇರನ್ನು ಕಡಿದರೆ ಉಳಿದ ಬೇರು ಚಿಗುರುವುದಿಲ್ಲ. ಗಂಟಿನ ಮೇಲೆ ಎಷ್ಟೇ ಕೆಳಗೆ ಕಡಿದರೂ ಚಿಗುರುತ್ತದೆ. ಎರಡು ಬೆರಳಿನ ಅಂತರದ ವ್ಯತ್ಯಾಸ, ಎರಡು ವರ್ಷದ ಶ್ರಮದ ವ್ಯತ್ಯಾಸ.

ಇಳಿಜಾರಿನಲ್ಲಿ ಈ 3–5 ಸೆಂ.ಮೀ. ಮೋಸ ಮಾಡಬಹುದು. ಮಳೆಗೆ ಮಣ್ಣು ಕೊಚ್ಚಿಹೋದ ಮೇಲ್ಬದಿಯಲ್ಲಿ ಗಂಟು ನೆಲದ ಮೇಲೇ ಕಾಣುತ್ತದೆ. ಮಣ್ಣು ಬಂದು ತುಂಬಿದ ಕೆಳಬದಿಯಲ್ಲಿ ಗೇಣಿನಾಳದಲ್ಲಿ ಹೂತಿರುತ್ತದೆ. ಆದ್ದರಿಂದ ಅಳತೆ ನಂಬದೆ ಗಂಟನ್ನೇ ಹುಡುಕಿ. ಬುಡದ ಮಣ್ಣನ್ನು ಕೈಯಿಂದ ಸರಿಸಿದರೆ, ಕಾಂಡಗಳೆಲ್ಲ ಕೂಡುವ ಉಬ್ಬು, ಅದರ ಕೆಳಗೆ ಬಣ್ಣ ತಿಳಿಯಾಗಿ ಬೇರು ಸಣ್ಣಗಾಗುವ ಜಾಗ ಕಾಣುತ್ತದೆ. ಕಡಿಯಬೇಕಾದ್ದು ಅಲ್ಲಿ.

ಇದಕ್ಕೆ ಇಬ್ಬರ ಜೋಡಿ ಬೇಕು. ಒಬ್ಬರು ಉದ್ದನೆಯ ಕವೆಗೋಲಿನಿಂದ ಪೊದೆಯನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ಎದುರು ಬದಿಯಿಂದ ಕಿರಿದಾದ ಅಲಗಿನ ಗುದ್ದಲಿ ಅಥವಾ ಪಿಕಾಸಿಯಿಂದ ಓರೆಯಾಗಿ ಎರಡು ಮೂರು ಏಟಿನಲ್ಲಿ ಬೇರು ಕಡಿಯುತ್ತಾರೆ. ಅಗಲ ಅಲಗಿನ ಗುದ್ದಲಿ ಬೇಡ, ಅದು ಮಣ್ಣನ್ನೆಲ್ಲ ಎಳೆದು ಹಾಕುತ್ತದೆ. ಕೈಗೆ ತೊಗಲಿನ ಗವಸು, ತುಂಬುತೋಳು ಅಂಗಿ, ಕಾಲಿಗೆ ಬೂಟು. ಪೊದೆಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿಯಿರಿ. ಟೇಕಡಿಗಳಲ್ಲಿ ಫುರ್ಸೆ, ಕೊಳಕುಮಂಡಲ ಎರಡೂ ಇವೆ, ಎರಡೂ ವಿಷದ ಹಾವು. ಪೊದೆಯೊಳಗೆ ಪಿಕಳಾರದ ಅಥವಾ ರಾಟವಾಳದ ಗೂಡಿದ್ದರೆ ಆ ಪೊದೆಯನ್ನು ಸದ್ಯಕ್ಕೆ ಬಿಡಿ, ಗುರುತಿಗೆ ಬಟ್ಟೆಚೂರು ಕಟ್ಟಿ ಮರಿ ಹಾರಿದ ಮೇಲೆ ಬನ್ನಿ.

ಕಿತ್ತ ಪೊದೆಯನ್ನು ಬೇರು ಮೇಲೆ, ಕೊಂಬೆ ಕೆಳಗೆ ಮಾಡಿ ಬೋರಲು ಇಡಬೇಕು. ಇದನ್ನು ಹೇಳಿದಾಗ ಜನ ನಗುತ್ತಾರೆ, ಆದರೆ ಕಾರಣವಿದೆ. ಒದ್ದೆ ನೆಲಕ್ಕೆ ತಾಗಿದ ಲಂಟಾನದ ಕೊಂಬೆ ಬೇರು ಬಿಡುತ್ತದೆ. ಗಂಟು ಮಣ್ಣಿಗೆ ತಾಗಿದ್ದರೆ ಇನ್ನೂ ಬೇಗ. ಗಂಟು ಆಕಾಶ ನೋಡುತ್ತಿದ್ದರೆ ಬಿಸಿಲಿಗೆ ಒಣಗಿ ಸಾಯುತ್ತದೆ. ಸಾಧ್ಯವಾದರೆ ರಾಶಿಯನ್ನು ಬಂಡೆಯ ಮೇಲೆ ಹಾಕಿ. ಹಣ್ಣಿರುವ ಕೊಂಬೆಗಳನ್ನು ಪೊದೆ ಅಲ್ಲಾಡಿಸುವ ಮೊದಲೇ ಕತ್ತರಿಸಿ ಗೋಣಿಚೀಲಕ್ಕೆ ತುಂಬಬೇಕು, ಇಲ್ಲದಿದ್ದರೆ ಕೀಳುವ ರಭಸಕ್ಕೆ ಹಣ್ಣೆಲ್ಲ ಉದುರಿ ನಾವೇ ಬಿತ್ತಿದಂತಾಗುತ್ತದೆ.

ಯಾವಾಗ? ಜುಲೈಯಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ. ಮಣ್ಣು ಮೆತ್ತಗಿರುತ್ತದೆ, ಮಳೆಗಾಲದ ಹೂವಿನ ಹಣ್ಣು ಇನ್ನೂ ಮಾಗಿರುವುದಿಲ್ಲ. ಶ್ರಮದಾನಕ್ಕೆ ಜನ ಸೇರುವುದು ಮಾತ್ರ ಡಿಸೆಂಬರ್–ಜನವರಿಯ ಹಿತವಾದ ಚಳಿಯಲ್ಲಿ! ಆಗ ನೆಲ ಕಲ್ಲಾಗಿರುತ್ತದೆ, ಗುದ್ದಲಿ ಜಾರುತ್ತದೆ, ಬೇಸರಗೊಂಡವರು ಕೋಯ್ತಾ ಎತ್ತಿ ಕೊಂಬೆ ಸವರಿ ಮನೆಗೆ ಹೋಗುತ್ತಾರೆ. ಅರ್ಧ ಸಮಸ್ಯೆ ಇರುವುದು ಇಲ್ಲೇ.

ಬಂಡೆಯ ಬಿರುಕಿನಲ್ಲಿ ಬೇರೂರಿದ್ದರೆ ಈ ವಿಧಾನ ನಡೆಯುವುದಿಲ್ಲ. ಅಲ್ಲಿ ಆದಷ್ಟು ಕೆಳಗೆ ಕಡಿದು, ಬರುವ ಚಿಗುರನ್ನು ಎಳೆಯದಾಗಿರುವಾಗಲೇ ಆರೇಳು ವಾರಕ್ಕೊಮ್ಮೆ ಕೈಯಿಂದ ಮುರಿಯುತ್ತಿರಬೇಕು. ಬೇರಿನಲ್ಲಿ ಕೂಡಿಟ್ಟ ಆಹಾರ ಮುಗಿಯುವವರೆಗೆ ಚಿಗುರುತ್ತಲೇ ಇರುತ್ತದೆ. ನಡುವೆ ಒಂದು ಮಳೆಗಾಲ ಬಿಟ್ಟರೆ ಅದು ಮತ್ತೆ ಖಜಾನೆ ತುಂಬಿಕೊಳ್ಳುತ್ತದೆ.

ಎಲ್ಲಿಂದ ಶುರು ಮಾಡಬೇಕು ಎಂಬುದು ಹೇಗೆ ಕೀಳಬೇಕು ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಎಲ್ಲರೂ ಹೋಗಿ ಬೀಳುವುದು ಅತಿ ದಟ್ಟವಾದ ಜಾಗಕ್ಕೆ, ಯಾಕೆಂದರೆ ಅಲ್ಲಿ ಫೋಟೊ ಚೆನ್ನಾಗಿ ಬರುತ್ತದೆ. ಸಿಡ್ನಿಯ ಬ್ರ್ಯಾಡ್ಲಿ ಸೋದರಿಯರು, ಜೋನ್ ಮತ್ತು ಐಲೀನ್, 1960ರ ದಶಕದಲ್ಲಿ ತಮ್ಮೂರಿನ ಪೊದೆಗಾಡನ್ನು ಕಳೆಯಿಂದ ಬಿಡಿಸುವಾಗ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದರು: ಚೆನ್ನಾಗಿರುವ ಕಡೆಯಿಂದ ಕೆಟ್ಟ ಕಡೆಗೆ ಸರಿಯುವುದು, ಮಣ್ಣನ್ನು ಆದಷ್ಟು ಕಡಿಮೆ ಕೆದಕುವುದು, ಸ್ಥಳೀಯ ಗಿಡ ಎಷ್ಟು ವೇಗವಾಗಿ ಜಾಗ ತುಂಬುತ್ತದೋ ಅಷ್ಟೇ ವೇಗವಾಗಿ ಕಳೆ ತೆಗೆಯುವುದು. ನಮ್ಮ ಟೇಕಡಿಗೆ ಇದು ಹೇಳಿ ಮಾಡಿಸಿದಂತಿದೆ. ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಲಂಟಾನ ಇರುವ ಜಾಗ ಮೊದಲು. ಅಲ್ಲಿ ಒಂದು ಪೊದೆ ಕಿತ್ತರೆ ಸುತ್ತಲಿನ ಕುಸಳಿಯೇ ಗಾಯ ಮುಚ್ಚುತ್ತದೆ. ಆಮೇಲೆ ದಟ್ಟ ಪೊದೆಯ ಅಂಚು. ನಟ್ಟನಡುವಿನ ಗೋಡೆ ಕಟ್ಟಕಡೆಗೆ. ದಟ್ಟ ಜಾಗದಲ್ಲಿ ಒಂದು ತಂಡ ಒಂದು ಮಳೆಗಾಲಕ್ಕೆ 10 ಮೀಟರ್ ಉದ್ದ 10 ಮೀಟರ್ ಅಗಲದ ತುಣುಕಿಗಿಂತ ಹೆಚ್ಚು ಹಿಡಿಯಬೇಡಿ.

ಯಾಕೆಂದರೆ ಕಿತ್ತ ಮೇಲೆ ನಿಜವಾದ ಕೆಲಸ. ಪೊದೆಯ ನೆರಳಲ್ಲಿ ಮಲಗಿದ್ದ ಬೀಜಗಳಿಗೆ ಬೆಳಕು ಬಿದ್ದದ್ದೇ ತಡ, ಮಳೆ ಬಿದ್ದ ಎರಡು ಮೂರು ವಾರದಲ್ಲಿ ನೆಲ ತುಂಬ ಸಸಿ. ಗೇಣುದ್ದ ಆಗುವ ಮೊದಲು ಎರಡು ಬೆರಳಲ್ಲಿ ಕಿತ್ತು ಬರುತ್ತವೆ. ಅದಕ್ಕಿಂತ ಬೆಳೆದರೆ ಗುದ್ದಲಿ ಬೇಕು. ಮೊದಲ ಸುತ್ತು ಕಿತ್ತ ತಿಂಗಳಲ್ಲಿ, ಎರಡನೆಯದು ಸೆಪ್ಟೆಂಬರ್ ಕೊನೆಗೆ, ಮೂರನೆಯದು ನವೆಂಬರಿನಲ್ಲಿ. ಮುಂದಿನ ವರ್ಷ ಜುಲೈ, ಸೆಪ್ಟೆಂಬರ್. ಮೂರನೆಯ ವರ್ಷವೂ ಒಮ್ಮೆ. ಮೂರು ವರ್ಷ ಬರಲಾಗದ ಜಾಗವನ್ನು ಮುಟ್ಟದಿರುವುದೇ ಮೇಲು. ಅರ್ಧಕ್ಕೆ ಬಿಟ್ಟ ಜಾಗದಲ್ಲಿ ಲಂಟಾನವೋ ಕಾಂಗ್ರೆಸ್ ಹುಲ್ಲೋ, ಅಂತೂ ಮೊದಲಿಗಿಂತ ಕೆಟ್ಟದ್ದು ಬರುತ್ತದೆ.

ಆ ಜಾಗಕ್ಕೆ ಹುಲ್ಲು ಬಿತ್ತಬೇಕು. ಅದೇ ಟೇಕಡಿಯ ಹುಲ್ಲಿನ ಬೀಜ, ಅಂಗಡಿಯ ಲಾನ್ ಬೀಜ ಅಲ್ಲ. ಕುಸಳಿಯ ಬೀಜ ನಿಮಗೆ ಗೊತ್ತು: ನವೆಂಬರಿನಲ್ಲಿ ಗುಡ್ಡ ಹತ್ತಿ ಬಂದರೆ ಕಾಲುಚೀಲದ ತುಂಬ ಚುಚ್ಚಿಕೊಳ್ಳುವ ಆ ಈಟಿಗಳು. ಅದರ ಬಾಲ ಒದ್ದೆಯಾದಾಗ ಬಿಚ್ಚಿ, ಒಣಗಿದಾಗ ಸುತ್ತಿಕೊಂಡು, ಬೀಜವನ್ನು ತಿರುಪಿನಂತೆ ಮಣ್ಣಿಗೆ ಕೊರೆಯುತ್ತದೆ. ಹೊಸ ಬೀಜ ಕೂಡಲೇ ಮೊಳೆಯುವುದಿಲ್ಲ, ಕೆಲವು ತಿಂಗಳು ಹಣ್ಣಾಗಬೇಕು. ಹಾಗಾಗಿ ಈ ಚಳಿಗಾಲ ಕೂಡಿಟ್ಟು ಜೂನಿನ ಮೊದಲ ಮಳೆಗೆ ಚೆಲ್ಲುವುದು ಸರಿಹೋಗುತ್ತದೆ. ಜರಡಿ ಹಿಡಿದ ಮಣ್ಣು ಮತ್ತು ಒಣ ಸಗಣಿ ಪುಡಿಯಲ್ಲಿ ಬೆರೆಸಿ, ಹತ್ತು ಚದರ ಮೀಟರಿಗೆ ಒಂದೆರಡು ಬೊಗಸೆ. ಮೇಲೆ ಒಣಗಿದ ಹುಲ್ಲು ಹೊದಿಸಿ. ಮರ ನೆಡಲೇಬೇಕೆಂಬ ಹಟ ಬೇಡ. ಗುಂಡಿ ತೋಡಿದರೆ ಏನಾಗುತ್ತದೆಂದು ಆಗಲೇ ಹೇಳಿದೆ. ಪೊದೆ ಬೇಕಾದರೆ ಕವಳಿ, ಧಾಯಟಿ, ಲಕ್ಕಿ, ಎಡಮುರಿ.

ಕಿತ್ತದ್ದನ್ನು ಏನು ಮಾಡುವುದು? ಬೇರು ಒಣಗಿದ ಮೇಲೆ ಕಡ್ಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಜೋಡಿಸಿದರೆ ಮಣ್ಣು ತಡೆಯುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯನ್ನು ಕುದಿಸಿ, ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ನೀಲಗಿರಿಯ ಕುಶಲಕರ್ಮಿಗಳು ಮಾಡಿದ ನಿಜವಾದ ಆನೆಯ ಗಾತ್ರದ ಲಂಟಾನ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಬೆತ್ತದ ಬದಲಿಗೆ ಚೆನ್ನಾದ ವಸ್ತು, ಗೆದ್ದಲೂ ಸುಲಭಕ್ಕೆ ಹಿಡಿಯುವುದಿಲ್ಲ. ಆದರೆ ಕುರ್ಚಿಗೆ ಬೇಕಾದ್ದು ದಪ್ಪ, ನೇರ ಕಾಂಡ. ಅದನ್ನು ನೆಲದ ಮೇಲೆ ಕಡಿದು ಒಯ್ದರೆ ಗಂಟು ಅಲ್ಲೇ ಉಳಿಯುತ್ತದೆ. ಜೀವನೋಪಾಯಕ್ಕೆ ಒಳ್ಳೆಯದು, ಕಾಡು ಲಂಟಾನದಿಂದ ಬಿಡುಗಡೆಯಾಗುವುದಕ್ಕೆ ಅದೊಂದೇ ಸಾಲದು.

ಸಭಿಕರ ಪ್ರಶ್ನೆಗಳು

“ಸರ್, ಬೇರೆ ದೇಶದಲ್ಲಿ ಕೀಟ ಬಿಟ್ಟು ಕೊಲ್ಲುತ್ತಾರಂತಲ್ಲ, ನಾವೂ ಬಿಡಬಹುದಲ್ಲ?”

ಬಿಟ್ಟಾಗಿದೆ. 1902ರಲ್ಲೇ ಹವಾಯಿಗೆ ಮೆಕ್ಸಿಕೊದಿಂದ ಕೀಟಗಳನ್ನು ತರಿಸಿದರು. ಕಳೆಯ ಮೇಲೆ ಕೀಟ ಬಿಟ್ಟ ಆರಂಭದ ಪ್ರಯತ್ನಗಳಲ್ಲಿ ಅದೂ ಒಂದು. ಭಾರತಕ್ಕೆ 1921ರಲ್ಲಿ ಹಣ್ಣು ಕೊರೆಯುವ ನೊಣ ಬಂತು, 1941ರಲ್ಲಿ ಎಲೆಯ ರಸ ಹೀರುವ ಲೇಸ್ ತಿಗಣೆ. ತಿಗಣೆ ತೇಗದ ಮೇಲೂ ಬದುಕಬಹುದೆಂಬ ಅಂಜಿಕೆಯಿಂದ ಅದನ್ನು ಬಿಡಬಾರದೆಂದು ತೀರ್ಮಾನಿಸಿದರು, ಅಷ್ಟರಲ್ಲಿ ಅದು ತಪ್ಪಿಸಿಕೊಂಡು ಹಬ್ಬಿತ್ತು. ಉಗಾಂಡದಲ್ಲಿ ಅದೇ ತಿಗಣೆ ಎಳ್ಳಿನ ಬೆಳೆಗೆ ಬಿತ್ತು. ಇಲ್ಲಿ ಅದು ಎಲೆ ಒಣಗಿಸುತ್ತದೆ, ಗಿಡ ಮಳೆಗೆ ಮತ್ತೆ ಚಿಗುರುತ್ತದೆ. ಕಾಂಗ್ರೆಸ್ ಹುಲ್ಲಿನ ಮೇಲೆ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೊದ ಜೀರುಂಡೆ ಒಂದು ಮಟ್ಟಕ್ಕೆ ಕೆಲಸ ಮಾಡಿತು, ಏಕೆಂದರೆ ಅದು ಒಂದೇ ಜಾತಿಯ ಗಿಡ. ಲಂಟಾನ ಕಲಬೆರಕೆ, ಎಲ್ಲಕ್ಕೂ ಒಗ್ಗುವ ಶತ್ರು ಸಿಕ್ಕಿಲ್ಲ.

“ಲಂಟಾನ ಕಿತ್ತರೆ ಚಿಟ್ಟೆಗಳಿಗೆ ಅನ್ಯಾಯ ಅಲ್ಲವಾ? ನಮ್ಮ ಸೊಸೈಟಿಯಲ್ಲಿ ಅದಕ್ಕೇ ನೆಟ್ಟಿದ್ದೇವೆ.”

ಮೇಡಂ, ನೀವು ನೋಡುವುದು ಹೋಟೆಲಿಗೆ ಬಂದ ಗಿರಾಕಿಗಳನ್ನು. ಮನೆ ಎಲ್ಲಿ ಎಂದು ಕೇಳಬೇಕು. ಮಹಾರಾಷ್ಟ್ರ 2015ರಲ್ಲಿ ರಾಜ್ಯದ ಚಿಟ್ಟೆ ಎಂದು ಆರಿಸಿದ ಬ್ಲೂ ಮಾರ್ಮನ್ ಲಂಟಾನದ ಮಕರಂದ ಕುಡಿಯುತ್ತದೆ, ಮೊಟ್ಟೆ ಇಡುವುದು ಮಾತ್ರ ನಿಂಬೆಯ ಬಳಗದ ಗಿಡಗಳ ಮೇಲೆ. ನಮ್ಮ ಚಿಟ್ಟೆಗಳ ಮರಿಹುಳುಗಳಿಗೆ ಲಂಟಾನದ ಎಲೆ ಊಟವಲ್ಲ. ಸೊಸೈಟಿಯಲ್ಲಿ ಎರಡು ನಿಂಬೆ, ಒಂದು ಕರಿಬೇವು, ಒಂದು ಎಕ್ಕ ನೆಡಿ. ಎಲೆ ತೂತಾದರೆ ಔಷಧಿ ಹೊಡೆಯಬೇಡಿ. ನರ್ಸರಿಯಲ್ಲಿ ಬೀಜ ಕಟ್ಟದ ಲಂಟಾನ ಎಂದು ಮಾರುವುದೂ ಪರಾಗ ಉತ್ಪಾದಿಸಬಲ್ಲದು, ಗುಡ್ಡದ ಗಿಡದೊಂದಿಗೆ ಕೂಡಬಲ್ಲದು. ಗುಡ್ಡಕ್ಕೆ ಅಂಟಿದ ಸೊಸೈಟಿಗಳು ಅದನ್ನು ತೆಗೆದರೇ ಒಳ್ಳೆಯದು.

“ಊರಲ್ಲಿ ನಮ್ಮ ಅಣ್ಣನ ಹಸು ತಿಂದು ಕಾಯಿಲೆ ಬಿತ್ತು. ಇದೇ ಗಿಡವಾ?”

ಆಗಿರಬಹುದು. ಎಲೆಯಲ್ಲಿರುವ ಲಂಟಡೀನ್ ಎಂಬ ವಿಷ ಯಕೃತ್ತಿಗೆ ಹೊಡೆತ ಕೊಡುತ್ತದೆ. ಸಾಮಾನ್ಯವಾಗಿ ಹಸು ಮೂಸಿ ಬಿಟ್ಟುಬಿಡುತ್ತದೆ. ಮೇವು ಇಲ್ಲದ ಬರಗಾಲದಲ್ಲಿ, ಅಥವಾ ಹೊಸದಾಗಿ ಕೊಂಡು ತಂದ ದನ ಗುರುತಿಲ್ಲದೆ ತಿನ್ನುತ್ತದೆ. ಮೇವು ಬಿಡುವುದು, ಮೆಲುಕು ನಿಲ್ಲುವುದು, ಸಗಣಿ ಗಟ್ಟಿಯಾಗುವುದು, ಕಣ್ಣು ಹಳದಿ. ಬಿಳಿ ಚರ್ಮ ಮತ್ತು ಮೂತಿ ಬಿಸಿಲಿಗೆ ಸುಟ್ಟಂತೆ ಸುಲಿಯುತ್ತದೆ. ಕೂಡಲೇ ನೆರಳಿಗೆ ಕಟ್ಟಿ, ಪಶುವೈದ್ಯರನ್ನು ಕರೆಯಬೇಕು. ಹೊಟ್ಟೆಯಲ್ಲಿ ಉಳಿದ ಎಲೆ ವಿಷ ಬಿಡುತ್ತಲೇ ಇರುತ್ತದೆ, ಕಾಯುವಂತಿಲ್ಲ.

“ಜೆಸಿಬಿ ತರಿಸಿದರೆ ಒಂದು ದಿನದ ಕೆಲಸ ಅಲ್ಲವಾ?”

ಕೀಳುವುದು ಒಂದು ದಿನ ಹೌದು. ಗೇಣುದ್ದದ ಮಣ್ಣೂ ಅದರ ಜೊತೆ ಹೋಗುತ್ತದೆ, ಉಳಿದದ್ದೆಲ್ಲ ಉತ್ತ ಹೊಲ. ಮುಂದಿನ ಜುಲೈಗೆ ಅಲ್ಲಿ ಏನಿರುತ್ತದೆಂದು ಕೇಳಬೇಕಾಗಿಯೇ ಇಲ್ಲ. ಇನ್ನೊಂದು ಮಾತು: ಟೇಕಡಿಗಳ ಕೆಲವು ಭಾಗ ಅರಣ್ಯ ಇಲಾಖೆಯದು, ಕೆಲವು ಮಹಾನಗರಪಾಲಿಕೆಯದು, ಕೆಲವು ಖಾಸಗಿ. ಗುದ್ದಲಿ ಹಿಡಿಯುವ ಮೊದಲು ಜಾಗ ಯಾರದೆಂದು ತಿಳಿದು ಲಿಖಿತ ಅನುಮತಿ ಪಡೆಯಿರಿ.

“ಹಾಗಾದರೆ ಈ ಡಿಸೆಂಬರ್‌ನಲ್ಲಿ ನಾವು ಟೇಕಡಿಗೆ ಹೋಗಿ ಏನು ಮಾಡೋದು?”

ಕೋಯ್ತಾ ಮನೆಯಲ್ಲಿಡಿ. ಹಣ್ಣಿರುವ ಗೊಂಚಲು ಮಾತ್ರ ಕತ್ತರಿಸಿ ಚೀಲಕ್ಕೆ ಹಾಕಿ ತನ್ನಿ. ಹುಲ್ಲು ಚೆನ್ನಾಗಿರುವ ಜಾಗ ಎಲ್ಲಿದೆ, ಅದರೊಳಗೆ ಒಂಟಿ ಲಂಟಾನ ಎಷ್ಟಿವೆ ಎಂದು ಎಣಿಸಿ ನಕ್ಷೆ ಬರೆಯಿರಿ. ಜುಲೈ ಬಂದಾಗ ಮೊಟ್ಟಮೊದಲು ಹೋಗಬೇಕಾದ್ದು ಅಲ್ಲಿಗೆ. ಮತ್ತೆ ಕುಸಳಿ, ಪವನ್ಯಾ ಬೀಜ ಕೂಡಿಸಿ. ಒಂದು ಬುಡದಿಂದ ಅರ್ಧಕ್ಕಿಂತ ಹೆಚ್ಚು ತೆಗೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಸು ಹಿಡಿಯುತ್ತದೆ, ಕಾಗದದ ಅಥವಾ ಬಟ್ಟೆಯ ಚೀಲ ಇರಲಿ. ಎರಡು ದಿನ ನೆರಳಲ್ಲಿ ಹರಡಿ ಒಣಗಿಸಿ, ಚೀಲದ ಮೇಲೆ ಟೇಕಡಿಯ ಹೆಸರು, ಇಳಿಜಾರಿನ ದಿಕ್ಕು, ತಾರೀಖು ಬರೆದು, ಇಲಿ ಮುಟ್ಟದ ಕಡೆ ತೂಗುಹಾಕಿ. ಜೂನಿನ ಮೊದಲ ಮಳೆಗೆ ಅದೇ ಇಳಿಜಾರಿಗೆ ತೆಗೆದುಕೊಂಡು ಹೋಗಿ.